ಮೂಗಿನ ತುದಿಯ ಸಿಟ್ಟಿಗೆ ಎಷ್ಟು ಮಾರ್ಕು?

“ಮಾಸ್ತರ್, ನನ್ನಾಗ ಇಂಥಿಂಥಾ ದೋಷ ಅವ ಅಂತ ಬರದು ಕೊಟ್ರ ಮಾರ್ಕ್ಸ್ ಜಾಸ್ತಿ ಹಾಕೋ ಪರೀಕ್ಷಾ ಎಲ್ಲ್ಯರೆ ಕೇಳೀರೇನ್ರಿ?”

ವೈನಿಯವರ ಪ್ರಶ್ನೆಗಳಿಗೆ ಪೀಠಿಕೆ ಇರುವುದಿಲ್ಲ. ನಮ್ಮ ಎರಡು ಮನೆಗಳ ನಡುವಿನ ಫರ್ಸಿ ಕಲ್ಲಿನ ಗೋಡೆ ಎದೆಮಟ್ಟದ್ದು. ಆಚೆ ನಿಂತು ಅವರು ತೊಗರಿಬೇಳೆ ಹಸನು ಮಾಡುತ್ತಾರೆ, ಈಚೆ ನಿಂತು ನಾನು ಪೇಪರ್ ಓದಿದ ಹಾಗೆ ಮಾಡುತ್ತೇನೆ. ವೈನಿಯ ತವರು ಹುಮನಾಬಾದ್, ಕೊಟ್ಟದ್ದು ಬಸವಕಲ್ಯಾಣಕ್ಕೆ. ಹಾಗಾಗಿ ಎರಡೂ ಊರಿನ ಪರವಾಗಿ ವಕೀಲಿ ಮಾಡುವ ಹಕ್ಕು ಅವರಿಗಿದೆ. ವೀರಭದ್ರನ ಜಾತ್ರೆ, ಮಾಣಿಕಪ್ರಭು ಅಂದರೆ ಹುಮನಾಬಾದಿನ ಕಡೆ. ಶರಣರು, ಕೋಟೆ, ತ್ರಿಪುರಾಂತಕ ಕೆರೆ ಅಂದರೆ ಕಲ್ಯಾಣದ ಕಡೆ.

ಇವತ್ತಿನ ಮೊಕದ್ದಮೆ ಮಗನದು. ಪುಣೆಯಲ್ಲಿ ಕಂಪ್ಯೂಟರ್ ಕೆಲಸ, ರಜೆಗೆ ಬಂದಿದ್ದಾನೆ. ಶನಿವಾರ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಕೋಳಿ ಕೂಗುವ ತನಕ ಏಳುವುದಿಲ್ಲ. ಗುಂಡು ಹಾರಿಸುವ ಆಟವೂ ಅಲ್ಲ, ಇಸ್ಪೀಟೂ ಅಲ್ಲ. ನಾಲ್ಕೈದು ಗೆಳೆಯರು ಬೇರೆ ಬೇರೆ ಊರಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ಒಬ್ಬ ಮಂತ್ರವಾದಿ, ಒಬ್ಬ ಕತ್ತಿವೀರ, ಒಬ್ಬಳು ಬಿಲ್ಲುಗಾತಿ. ಇನ್ನೊಬ್ಬ ಸೂತ್ರಧಾರ. ಅವನು ಕತೆ ಹೇಳುತ್ತಾ ಹೋಗುತ್ತಾನೆ, “ಈಗ ಎದುರಿಗೆ ಒಂದು ಬಾಗಿಲು, ಒಳಗೆ ಯಾರೋ ಅಳುತ್ತಿದ್ದಾರೆ, ಏನು ಮಾಡುತ್ತೀರಿ?” ಅನ್ನುತ್ತಾನೆ. ಇವರು ಪಾತ್ರದ ಬಾಯಿಂದ ಉತ್ತರಿಸಿ ದಾಳ ಉರುಳಿಸುತ್ತಾರೆ. ಗೆದ್ದರೋ ಸೋತರೋ ದಾಳ ಹೇಳುತ್ತದೆ.

ಈ ಆಟದ ವಂಶಾವಳಿಯನ್ನು ಹುಡುಗನೇ ಗೋಡೆಗೆ ಒರಗಿ ನನಗೆ ಹೇಳಿದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಸೇರಿ ತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಇದರ ಮೂಲಪುರುಷ. ಅದರಲ್ಲಿ ಪ್ರತಿ ಪಾತ್ರಕ್ಕೂ ಆರು ಅಳತೆ: ಮೈಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಜನರನ್ನು ಸೆಳೆಯುವ ವರ್ಚಸ್ಸು. ಒಂದೊಂದಕ್ಕೂ ಮೂರು ದಾಳ ಹಾಕಿ ಕೂಡಿಸಬೇಕು. ಕನಿಷ್ಠ 3, ಗರಿಷ್ಠ 18. ಮೂರೂ ದಾಳದಲ್ಲಿ ಆರು ಬಿದ್ದು 18 ಆಗುವುದು 216ರಲ್ಲಿ ಒಂದು ಸಲದ ಮಾತು. ಉಳಿದವರೆಲ್ಲ ಹತ್ತು ಹನ್ನೊಂದರ ಸುತ್ತ ಒದ್ದಾಡುವವರೇ. ಬುದ್ಧಿವಂತ ಆದರೆ ಉಬ್ಬಸದವ, ಮೈಬಲ ಇದ್ದವ ಆದರೆ ವಿವೇಕ ಸೊನ್ನೆ. ಮೂರು ದಾಳಕ್ಕೆ ಇಷ್ಟು ಲೋಕಾನುಭವ ಇರುವುದು ನನಗೆ ಹಿಡಿಸಿತು.

ಎಡವಟ್ಟು ಆಮೇಲೆ ಶುರುವಾಯಿತು. ದಾಳದ ಮೇಲೆ ಯಾಕೆ ಬಿಡಬೇಕು, ಪಾತ್ರವನ್ನು ನಾವೇ ಕಟ್ಟೋಣ ಎಂದು ಕೆಲವರು ಹೊಸ ಕಾಯಿದೆ ಮಾಡಿದರು. 1981ರ ‘ಚಾಂಪಿಯನ್ಸ್’, 1986ರಲ್ಲಿ ಸ್ಟೀವ್ ಜಾಕ್ಸನ್ ತಂದ ‘ಗರ್ಪ್ಸ್’ ಈ ಜಾತಿಯವು. ಕೈಗೆ ಇಂತಿಷ್ಟು ಅಂಕ ಕೊಡುತ್ತಾರೆ, ಅದರಲ್ಲಿ ಶಕ್ತಿಗಳನ್ನು ಕೊಂಡುಕೊಳ್ಳಬೇಕು. ಸಾಲದಿದ್ದರೆ? ಒಂದಿಷ್ಟು ದೋಷ ಬರೆದುಕೊಂಡರೆ ಅಷ್ಟಕ್ಕೆ ಅಂಕ ವಾಪಸು ಬರುತ್ತದೆ. ಕುರುಡುತನಕ್ಕೆ ಹೆಚ್ಚು, ಜಿಪುಣತನಕ್ಕೆ ಕಡಿಮೆ. ವೈನಿ ಕೇಳಿದ್ದು ಇದನ್ನೇ.

“ನಿಮ್ಮ ಮಗ ಏನು ದೋಷ ಬರ್ಕೊಂಡಾನ?” ಅಂದೆ.

“ಎರಡ್ ಬರ್ಕೊಂಡಾನಂತ್ರಿ. ಒಂದು, ನೀರು ಕಂಡ್ರ ಭಯ. ಎರಡನೇದು, ಮೂಗಿನ ತುದೀಗೆ ಸಿಟ್ಟು.”

ಹುಡುಗನನ್ನು ಕರೆಸಿ ವಿಚಾರಣೆ ಮಾಡಿದೆ. ನೀರಿನ ಭಯಕ್ಕೆ ಎಷ್ಟು ಅಂಕ ಬಂತು? ಸಾಕಷ್ಟು. ಅದರಲ್ಲಿ ಏನು ಕೊಂಡೆ? ಕತ್ತಿ ಬೀಸುವ ವೇಗ. ನಿಮ್ಮ ಕತೆ ನಡೆಯುವುದೆಲ್ಲಿ? ಹುಡುಗ ಆ ಕಡೆ ಈ ಕಡೆ ನೋಡಿದ. “ಮರುಭೂಮಿಯೊಳಗ್ರಿ ಕಾಕಾ.”

ವೈನಿ ಬೇಳೆಯ ಮೊರ ಗೋಡೆಯ ಮೇಲಿಟ್ಟು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. “ಇದು ಖರೆ ಕನ್ಯಾ ನೋಡ್ಲಿಕ್ಕ ಬಂದವರ ಮಾತು ಆತು ನೋಡ್ರಿ. ‘ಹುಡುಗಗ ಏನೂ ಚಟ ಇಲ್ರೀ, ಚಾ ಒಂದ್ ಜರಾ ಜಾಸ್ತಿ ಕುಡೀತಾನ.’ ಅಷ್ಟ ಹೇಳಿದ್ರ ಇವ್ರು ಭಾಳ ಖರೇ ಮಂದಿ ಅಂತ ಎದುರಿಗಿನವರು ನಂಬಬೇಕು.”

ಸಿಟ್ಟಿನ ಕತೆಯೂ ಬೇರೆ ಆಗಿರಲಿಲ್ಲ. ಸಿಟ್ಟು ಬಂದಾಗ ಇವನ ಪಾತ್ರ ಏನು ಮಾಡುತ್ತದೆ? ಎದುರಾಳಿಯ ಮೇಲೆ ಇನ್ನೂ ಜೋರಾಗಿ ಬೀಳುತ್ತದೆ. ಅಲ್ಲಪ್ಪಾ, ಸಿಟ್ಟು ಬಂದಾಗಲೆಲ್ಲ ಏಟು ಹೊಡೆಯಬೇಕಾದವರಿಗೇ ಬೀಳುವುದಾದರೆ ಅದು ದೋಷ ಹೇಗೆ? ಸಿಟ್ಟು ಇರುವವರ ಮನೆಯಲ್ಲಿ ಒಂದು ದಿನ ಇದ್ದು ಬಾ. ತಹಸೀಲು ಕಚೇರಿಯಲ್ಲಿ ಬೈಸಿಕೊಂಡು ಬಂದವ ಅಲ್ಲಿ ತುಟಿ ಪಿಟಕ್ಕೆನ್ನದೆ ಬಂದು ಮನೆಯಲ್ಲಿ ತಾಟು ಎಸೆಯುತ್ತಾನೆ. ತಪ್ಪಾದ ಹೊತ್ತಿನಲ್ಲಿ, ತಪ್ಪಾದ ಮನುಷ್ಯನ ಮೇಲೆ ಹೋಗುವುದರಿಂದಲೇ ಅದಕ್ಕೆ ದೋಷ ಅನ್ನುವುದು.

“ಹಂಗಾದ್ರ ದೋಷ ಹ್ಯಾಂಗ ಬರೀಬೇಕ್ರಿ ಕಾಕಾ?” ಅಂದ. ಅವನ ದನಿಯಲ್ಲಿ ಸವಾಲಿತ್ತು. ಇಂಥ ಅವಕಾಶವನ್ನು ನಿವೃತ್ತ ಕನ್ನಡ ಮಾಸ್ತರ ಬಿಡುತ್ತಾನೆಯೇ?

ನಮ್ಮ ಊರಲ್ಲಿ ನಿಂತು ಇದನ್ನು ಅಮೆರಿಕದವರಿಂದ ಕಲಿಯುವುದು ಬೇಕಾಗಿಲ್ಲ ಅಂತ ಮೊದಲು ಜಂಬ ಕೊಚ್ಚಿದೆ. ಹನ್ನೆರಡನೆಯ ಶತಮಾನದಲ್ಲಿ ವೇಷ ಕಟ್ಟುವುದನ್ನೇ ಕಾಯಕ ಮಾಡಿಕೊಂಡವರು ಇದೇ ಕಲ್ಯಾಣದ ಶರಣರಲ್ಲಿ ಇದ್ದರು. ಬಹುರೂಪಿ ಚೌಡಯ್ಯ ನಾನಾ ವೇಷ ಹಾಕಿ ಆಡಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡಿದವ. ‘ರೇಕಣ್ಣಪ್ರಿಯ ನಾಗಿನಾಥ’ ಅವನ ಅಂಕಿತ. ಕಲಕೇತಯ್ಯನೂ ವೇಷಗಾರನೇ. ನಗೆಯ ಮಾರಿತಂದೆ ಜನರನ್ನು ನಗಿಸಿ ಬದುಕಿದವ. ಮಂತ್ರಿ ಬಸವಣ್ಣನ ಮಹಾಮನೆಯಲ್ಲಿ ಇವರಿಗೂ ಎಲೆ ಹಾಕುತ್ತಿದ್ದರು ಅನ್ನುವುದನ್ನು ನಾವು ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳುವುದಿಲ್ಲ ಅಂತ ನನ್ನ ತಕರಾರು.

ಬಹುರೂಪಿ ಅಂದದ್ದೇ ವೈನಿ ಹುಮನಾಬಾದಿಗೆ ಹೊರಟರು. ಚಿಕ್ಕಂದಿನಲ್ಲಿ ವೀರಭದ್ರನ ಜಾತ್ರೆಯ ಆಸುಪಾಸಿನಲ್ಲಿ ಅವರ ಓಣಿಗೆ ಹಗಲುವೇಷದವರು ಬರುತ್ತಿದ್ದರಂತೆ. ರಾತ್ರಿ ದೀಪದ ಬೆಳಕಲ್ಲಿ ರಾಮ ರಾವಣ ಆಗುವುದು ಸುಲಭ, ಹಗಲು ಹನ್ನೆರಡಕ್ಕೆ ನಡುಬೀದಿಯಲ್ಲಿ ಆಗುವುದೇ ಕಷ್ಟ. ಒಮ್ಮೆ ಒಬ್ಬ ಫೌಜದಾರನ ವೇಷದಲ್ಲಿ ಬಂದ. ಖಾಕಿ, ಮೀಸೆ, ಕೈಯಲ್ಲಿ ಬೆತ್ತ. ಸೈಕಲ್ಲಿಗೆ ದೀಪ ಇಲ್ಲ, ಚರಂಡಿಗೆ ನೀರು ಬಿಟ್ಟೀರಿ ಅಂತ ಎಲ್ಲರನ್ನೂ ಗದರಿಸಿದ. ಹುಡುಗರು ಮನೆಯೊಳಗೆ ಓಡಿದರು.

“ಅಷ್ಟರಾಗ ಮೂಲಿಮನಿ ಮುದುಕಿ ಮಿರ್ಚಿ ಭಜಿ ಕರೀಲತ್ತಿದ್ಳು. ಈ ಫೌಜದಾರ ಬಯ್ಯದು ಬಯ್ಲತ್ತಾನ, ಮೂಗು ಮಾತ್ರ ಆ ಕಡಿ ತಿರಗ್ಲತ್ತದ. ಬಾಯಾಗ ದಂಡ ಐವತ್ತು ರೂಪಾಯಿ, ಕಣ್ಣೆಲ್ಲಾ ಬುಟ್ಟಿ ಮ್ಯಾಲ. ಆಮ್ಯಾಲ ಐವತ್ತು ಹೋಗಿ ಇಪ್ಪತ್ತೈದಾತು, ಹತ್ತಾತು, ಕಡೀಗೆ ಎರಡು ಭಜಿಗೆ ಕೇಸ್ ಖುಲಾಸೆ. ಓಣಿ ಮಂದಿ ಬಿದ್ದು ಬಿದ್ದು ನಕ್ರು. ಖರೇ ಫೌಜದಾರನೂ ಅಲ್ಲೇ ನಿಂತು ನಗ್ಲತ್ತಿದ್ದ ಅಂತ ನಮ್ಮಪ್ಪ ಹೇಳ್ತಿದ್ದ.”

ನೋಡು ತಮ್ಮಾ, ಅಂದೆ. ಆ ವೇಷಗಾರ ಹಣೆಯ ಮೇಲೆ ‘ನಾನು ತಿಂಡಿಪೋತ’ ಅಂತ ಬರೆದುಕೊಂಡು ಬರಲಿಲ್ಲ. ಅವನ ಗತ್ತು ಎಲ್ಲಿ ಏರುತ್ತಿತ್ತೋ ಅಲ್ಲೇ ಅದನ್ನು ಮೂಗಿನಿಂದ ಕೆಡಿಸಿದ. ಗತ್ತು ಇಲ್ಲದಿದ್ದರೆ ಭಜಿಯ ಆಸೆಗೆ ಏನು ಬೆಲೆ? ಹಸಿದವನು ಭಜಿ ನೋಡಿದರೆ ಅದು ಹಸಿವು ಅಷ್ಟೇ.

ಹುಡುಗನಿಗೆ ಹಾಸ್ಯ ರುಚಿಸಿತು, ಆದರೆ ಅವನದು ಕತ್ತಿವೀರನ ಪಾತ್ರವಲ್ಲವೇ, ಗಂಭೀರ ಉದಾಹರಣೆ ಬೇಕು ಅಂದ. ಸರಿ, ರನ್ನನನ್ನು ಕರೆದೆ.

ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಕಲ್ಯಾಣದ ಚಾಲುಕ್ಯರ ಕವಿಯಾದ. ಆಗಿನ್ನೂ ರಾಜಧಾನಿ ಕಲ್ಯಾಣಕ್ಕೆ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ವಂಶಕ್ಕೆ ನಮ್ಮ ಊರಿನ ಹೆಸರೇ ಅಂಟಿಕೊಂಡಿದೆ, ಬಿಡುವುದು ಯಾಕೆ? ದೊರೆ ಸತ್ಯಾಶ್ರಯನಿಗೆ ‘ಸಾಹಸಭೀಮ’ ಅಂತ ಬಿರುದು. ರನ್ನ ಅವನನ್ನೇ ಭೀಮನ ಜಾಗದಲ್ಲಿ ನಿಲ್ಲಿಸಿ ‘ಸಾಹಸಭೀಮ ವಿಜಯ’ ಬರೆದ. ಹಣ ಕೊಟ್ಟವನು ಭೀಮ, ಗೆಲ್ಲುವವನು ಭೀಮ. ಆದರೆ ನಾನು ಪಾಠ ಮಾಡಿದ ಯಾವ ತರಗತಿಯಲ್ಲೂ ಹುಡುಗರು ಭೀಮನ ಕಡೆ ಆಗಲಿಲ್ಲ. ಎಲ್ಲರೂ ದುರ್ಯೋಧನನ ಕಡೆ. ಕಾವ್ಯಕ್ಕೆ ಜನರ ಬಾಯಲ್ಲಿ ಉಳಿದ ಹೆಸರೂ ‘ಗದಾಯುದ್ಧ’.

ಯಾಕೆ? ರನ್ನನ ದುರ್ಯೋಧನನಿಗೆ ಛಲವೇ ಬಲ, ಛಲವೇ ಕೇಡು. ಹೆಣಗಳ ನಡುವೆ ಸಂಜಯನ ಕೈ ಹಿಡಿದು ನಡೆಯುತ್ತಾನೆ. ಅಲ್ಲಿ ಮಗನ ಹೆಣ, ಇಲ್ಲಿ ಕರ್ಣನದು. ಶತ್ರು ಪಕ್ಷದ ಅಭಿಮನ್ಯುವಿನ ಹೆಣ ಕಂಡಾಗ ಅವನ ಸಾಹಸ ಹೊಗಳಿ ಕೈಮುಗಿಯುವಷ್ಟು ದೊಡ್ಡವನಾಗುತ್ತಾನೆ. ಅಂಥವನು ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿ ಮಾಡಿಕೋ ಅಂದರೆ ಒಪ್ಪುವುದಿಲ್ಲ. ಕರ್ಣನಿಲ್ಲದ, ತಮ್ಮಂದಿರಿಲ್ಲದ ರಾಜ್ಯ ಯಾರಿಗೆ ಬೇಕು ಅನ್ನುವುದು ಸ್ನೇಹವೂ ಹೌದು, ಹಟವೂ ಹೌದು. ಎರಡನ್ನೂ ಬಿಡಿಸಿ ಬೇರೆ ಬೇರೆ ಖಾನೆಯಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ಭೀಷ್ಮನ ಮಾತಿಗೆ ಮಣಿದು ಸರೋವರದಲ್ಲಿ ಅಡಗಿದರೆ, ದಡದಿಂದ ಭೀಮ ಕೂಗಿದ ಕೂಗಿಗೆ ನೀರೊಳಗೇ ಬೆವರುತ್ತಾನೆ! ನೀರಿನ ಭಯಕ್ಕೂ ನೀರೊಳಗಿನ ಬೆವರಿಗೂ ಇರುವ ಅಂತರ ನಿನಗೆ ತಿಳಿದರೆ ಅರ್ಧ ಪಾಠ ಮುಗಿಯಿತು, ಅಂದೆ.

ಇದೇ ವಂಶದ ಆರನೆಯ ವಿಕ್ರಮಾದಿತ್ಯನ ಪಾಡು ನೋಡಿ. ಕಲ್ಯಾಣದಿಂದ ಐವತ್ತು ವರ್ಷ ಆಳಿದವ, 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಶಕೆ ಶುರು ಮಾಡಿದವ. ಕಾಶ್ಮೀರದಿಂದ ಬಿಲ್ಹಣ ಬಂದು ಇವನ ಮೇಲೆ ಹದಿನೆಂಟು ಸರ್ಗದ ಸಂಸ್ಕೃತ ಕಾವ್ಯ ಬರೆದ. ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಇವನು ಗದ್ದುಗೆ ಹತ್ತಿದ್ದಾನೆ. ಎಂಥಾ ಅವಕಾಶ ಕವಿಗೆ! ಆಸೆ, ಅಳುಕು, ತಮ್ಮನ ಸಂಕಟ, ಏನೆಲ್ಲ ಬರೆಯಬಹುದಿತ್ತು. ಬಿಲ್ಹಣ ಮಾತ್ರ ಅದೆಲ್ಲ ಶಿವನ ಅಪ್ಪಣೆ, ಅಣ್ಣನದೇ ತಪ್ಪು ಅಂತ ತೇಪೆ ಹಾಕಿ ದೊರೆಯ ಹಾಳೆಯಲ್ಲಿ ಎಲ್ಲ ಕಡೆ 18 ತುಂಬಿಬಿಟ್ಟ. ಪಂಡಿತರು ಇತಿಹಾಸಕ್ಕಾಗಿ ಆ ಪುಸ್ತಕ ತೆಗೆಯುತ್ತಾರೆ, ವಿಕ್ರಮಾದಿತ್ಯನಿಗಾಗಿ ಅತ್ತವರನ್ನು ನಾನು ಕಂಡಿಲ್ಲ.

“ರಾಜರ ಮಾತು ಸಾಕ್ರಿ ಮಾಸ್ತರ್, ಶರಣರ ಮಾತು ಹೇಳ್ರಿ” ಅಂದರು ವೈನಿ. ಬೇಳೆಯ ಎರಡನೆಯ ಮೊರ ಬಂದಿತ್ತು.

ಶರಣರ ಮಾತಿಗೆ ಬಂದರೆ ಈ ಆಟಕ್ಕೆ ಅಲ್ಲಮಪ್ರಭುವಿನಂಥ ಸೂತ್ರಧಾರ ಇನ್ನೊಬ್ಬನಿಲ್ಲ. ‘ಶೂನ್ಯಸಂಪಾದನೆ’ಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಜೋಡಿಸಿದ, ಆಮೇಲೆ ಮೂವರು ಅದನ್ನು ಬೆಳೆಸಿದರು. ಅದರ ತುಂಬ ಪ್ರಭು ಒಬ್ಬೊಬ್ಬ ಶರಣನ ಎದುರು ಹೋಗಿ ನಿಲ್ಲುತ್ತಾನೆ. ಅವರ ದುರ್ಗುಣವನ್ನು ಅವನು ಹುಡುಕುವುದಿಲ್ಲ. ಅವರ ಸದ್ಗುಣವನ್ನೇ ಹಿಡಿದು ಎಳೆಯುತ್ತಾನೆ.

ಸೊನ್ನಲಿಗೆಯ ಸಿದ್ಧರಾಮನನ್ನೇ ತಗೋ. ಇಂದಿನ ಸೊಲ್ಲಾಪುರ, ನಮ್ಮ ಹೆದ್ದಾರಿ ಹಿಡಿದು ಪಡುವಲಕ್ಕೆ ಹೋದರೆ ಸಿಗುತ್ತದೆ. ಕೆರೆ ಕಟ್ಟಿಸಿದವ, ಗುಡಿ ಕಟ್ಟಿಸಿದವ, ಪರೋಪಕಾರಿ, ಯೋಗಿ. ಅಲ್ಲಮ ಹೋಗಿ ಅವನನ್ನು ಕಲ್ಲು ಮಣ್ಣಿನ ಕೂಲಿಯವ ಅಂತ ಕೆಣಕಿದ. ಕೆಲಸದವರು ರೊಚ್ಚಿಗೆದ್ದರು. ಸುದ್ದಿ ಕೇಳಿ ಬಂದ ಯೋಗಿಗೇ ಸಿಟ್ಟೇರಿ ಹಣೆಗಣ್ಣಿನ ಬೆಂಕಿ ಹೊರಬಂತು ಅಂತ ಕತೆ. ಅದು ಯಾರ ಮೇಲೆ ಹೋಯಿತು? ಯಾರ ದಾರಿ ಕಾಯುತ್ತ ಇಷ್ಟು ವರ್ಷ ತಪಸ್ಸು ಮಾಡಿದ್ದನೋ, ಬಾಗಿಲಿಗೆ ಬಂದ ಆ ಗುರುವಿನ ಮೇಲೆಯೇ. “ಇದಪ್ಪಾ ಸಿಟ್ಟು! ಇದಕ್ಕ ನಿಮ್ಮ ಪುಸ್ತಕದಾಗ ಎಷ್ಟು ಅಂಕ ಅದ?” ಅಂದೆ. ಹುಡುಗ ಲೆಕ್ಕ ಹಾಕಲಿಲ್ಲ.

ನುಲಿಯ ಚಂದಯ್ಯನ ಗವಿ ಇದೇ ಊರಲ್ಲಿದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದವ. ಹುಲ್ಲು ಕೊಯ್ಯುವಾಗ ಮೈಮೇಲಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಇವನು ತಿರುಗಿ ನೋಡಲಿಲ್ಲ, ಕೆಲಸಕ್ಕೆ ಹೊತ್ತಾಗುತ್ತದೆ ಅಂತ ನಡೆದ. ಲಿಂಗವೇ ಬೆನ್ನುಹತ್ತಿತು. ಕೊನೆಗೆ ರಾಜಿ ಆದದ್ದು ಹೇಗೆ ಅಂದರೆ, ಹಗ್ಗ ಮಾರುವ ಕೆಲಸ ಲಿಂಗಕ್ಕೇ ಬಿತ್ತು. ದೇವರನ್ನೂ ಕೂಲಿಗೆ ಹಚ್ಚುವಷ್ಟು ಕಾಯಕ ನಿಷ್ಠೆ! ಇದು ಗುಣವೋ ಅತಿಯೋ ಅಂತ ಶರಣರೇ ಚರ್ಚೆಗೆ ಕೂತರು. ನಮ್ಮ ಕಾಲಕ್ಕೆ ಅದು ಕಲ್ಲಿನಲ್ಲಿ ಕೆತ್ತಿದ ಸೂಕ್ತಿ ಆಗಿದೆ, ಆಗ ಅದು ಜಗಳ ಆಗಿತ್ತು. ಶರಣರ ಹೆಸರಲ್ಲಿ ಭಾಷಣ ಮಾಡುವವರು ಈ ಜಗಳಗಳನ್ನು ಬಿಟ್ಟುಬಿಡುವುದರಿಂದಲೇ ಕೇಳುವವರಿಗೆ ನಿದ್ದೆ ಬರುವುದು.

ವೈನಿಗೆ ಇಷ್ಟವಾದದ್ದು ಆಯ್ದಕ್ಕಿ ಮಾರಯ್ಯನ ಪ್ರಸಂಗ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವ ಬಡವ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ಉಡಿ ತುಂಬಿಕೊಂಡು ಬಂದ. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ; ನಮಗೆ ದಿನಕ್ಕೆ ಬೇಕಾದಷ್ಟು ಸಾಕು, ಉಳಿದದ್ದು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು.

“ಗಂಡಸ್ರ ದೋಷ ಅವ್ರ ಹಾಳ್ಯಾಗ ಸಿಗಲ್ರಿ. ಹೆಂಡ್ತೀನ ಕೇಳಬೇಕು” ಅಂದರು ವೈನಿ. ಇದನ್ನು ಅವರು ನನಗೆ ಹೇಳಿದರೋ, ಒಳಗೆ ಟೀವಿ ನೋಡುತ್ತ ಕೂತ ಯಜಮಾನರಿಗೆ ಕೇಳಲಿ ಅಂತ ಹೇಳಿದರೋ, ದನಿ ಮಾತ್ರ ಏರಿತ್ತು.

ಅದರಲ್ಲಿ ಹುಡುಗನಿಗೆ ಒಂದು ಉಪಾಯ ಹೊಳೆಯಿತು. ಪಾತ್ರದ ದೋಷವನ್ನು ಆಡುವವನೇ ಬರೆಯಬಾರದು, ಪಕ್ಕದಲ್ಲಿ ಕೂತವರು ಬರೆಯಬೇಕು, ಅಲ್ಲವೇ? ಅದನ್ನು ಆಡಿ ನೋಡು ಅಂದೆ. ‘ಡಂಜನ್ಸ್’ ಆಟದ 2014ರ ಐದನೆಯ ಆವೃತ್ತಿಯಲ್ಲಿ ಇನ್ನೊಂದು ದಾರಿ ಇದೆಯಂತೆ. ಪಾತ್ರಕ್ಕೆ ಒಂದು ದೋಷ ಬರೆದಿಡುವುದು, ಆದರೆ ಅಂಕ ಮುಂಗಡವಾಗಿ ಕೊಡದೆ, ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ ಆ ದೋಷದ ಪ್ರಕಾರ ನಡೆದುಕೊಂಡರೆ ಸೂತ್ರಧಾರ ಆಗ ಬಹುಮಾನ ಕೊಡುವುದು. ಇದು ನ್ಯಾಯ. ಮೊದಲಿನದು ಸಾಲ, ಇದು ದುಡಿಮೆ.

“ಆದ್ರ ಕಾಕಾ, ಅದ್ರಾಗೂ ಒಂದು ಫಜೀತಿ ಅದ” ಅಂದ. ಅವರ ಗುಂಪಿನಲ್ಲಿ ಒಬ್ಬ ತನ್ನ ಪಾತ್ರಕ್ಕೆ ಕಳ್ಳತನದ ಚಟ ಅಂತ ಬರೆದುಕೊಂಡು, ಶತ್ರುಗಳನ್ನು ಬಿಟ್ಟು ಗೆಳೆಯರ ಚೀಲಕ್ಕೇ ಕೈ ಹಾಕುತ್ತಾನೆ. ಕೇಳಿದರೆ ‘ನಾನೇನು ಮಾಡಲಿ, ಪಾತ್ರದ ಸ್ವಭಾವ’ ಅನ್ನುತ್ತಾನೆ. ಇದಕ್ಕೆ ಉತ್ತರ ವೈನಿಯ ಫೌಜದಾರನಲ್ಲಿತ್ತು. ಅವನು ಯಾರ ಸೈಕಲ್ಲನ್ನೂ ಜಪ್ತು ಮಾಡಿಕೊಂಡು ಹೋಗಲಿಲ್ಲ. ದಂಡ ಹಾಕಿದ, ವಸೂಲಿ ಮಾಡಲಿಲ್ಲ. ಕೊನೆಗೆ ಪೇಟ ತೆಗೆದು ಎಲ್ಲರಿಗೂ ಕೈ ಮುಗಿದು ಜೋಳ ಕಾಳು ಇಸಿದುಕೊಂಡು ಹೋದ. ತಾನು ಹಾಸ್ಯಾಸ್ಪದ ಆಗಬಹುದು, ನೋಡುವವರ ಗಂಟು ಹೋಗಬಾರದು. ವೇಷದವರ ಬಾಳುವೆಗೆ ಈ ನೇಮವೇ ಆಧಾರ.

ಆಟದಲ್ಲಿ ಕತ್ತಿವೀರನಿಗೆ ಹೊಸ ದೋಷ ಏನು ಕೊಡುವುದು ಅಂತ ಚರ್ಚೆ ಎದ್ದಿತು. ನಾನು ನಾಟಕಗಳ ಕಡೆ ತಿರುಗಿದೆ. ಕಲ್ಯಾಣದ ಕತೆಯನ್ನು ಲಂಕೇಶರು ‘ಸಂಕ್ರಾಂತಿ’ಯಲ್ಲಿ, ಶಿವಪ್ರಕಾಶರು ‘ಮಹಾಚೈತ್ರ’ದಲ್ಲಿ, ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಬರೆದಿದ್ದಾರೆ. ನನಗೆ ‘ತಲೆದಂಡ’ದ ಬಿಜ್ಜಳನ ಮೇಲೆ ಪ್ರೀತಿ. ಒರಟು ಬಾಯಿ, ಜನರನ್ನು ಓದುವ ಚುರುಕು, ಬಸವಣ್ಣನ ಮೇಲೆ ನಂಬಿಕೆ, ತನ್ನ ಹುಟ್ಟಿನ ಜಾತಿಯ ಅವಮಾನ ಒಳಗೊಳಗೇ ಕುಟುಕುವ ದೊರೆ. ಹೊರಗೆ ಇಡೀ ರಾಜ್ಯ ಹತೋಟಿಯಲ್ಲಿ, ಮನೆಯೊಳಗಿನ ಮಗ ಸೋವಿದೇವ ಮಾತ್ರ ಕೈಮೀರಿದವ. ಕಡೆಗೆ ಮಗನೇ ಅವನನ್ನು ಸೆರೆಯಲ್ಲಿಡುತ್ತಾನೆ. ಬಸವಣ್ಣನದೋ, ಬಾಗಿಲು ಮುಚ್ಚಲು ಬಾರದ ಸ್ವಭಾವ. ಬಂದವರನ್ನೆಲ್ಲ ನಮ್ಮವರೆಂದ ಮನೆಗೆ ಯಾರು ಯಾರೋ ಬಂದರು, ಅವರನ್ನು ಹಿಡಿದು ನಿಲ್ಲಿಸುವ ಗಳಿಗೆ ಬಂದಾಗ ಅವನ ಮಾತು ನಡೆಯಲಿಲ್ಲ. ಆ ಬಾಗಿಲಿಗಾಗಿಯೇ ನಾವು ಅವನನ್ನು 108 ಅಡಿ ಎತ್ತರ ನಿಲ್ಲಿಸಿದ್ದೇವೆ.

ಹುಡುಗ ಮರುಮಾತಾಡದೆ ಒಳಗೆ ಹೋದ. ಹಾಳೆ ತಿದ್ದಿ ತಂದು ತೋರಿಸಿದ. ನೀರಿನ ಭಯ, ಸಿಟ್ಟು ಎರಡಕ್ಕೂ ಗೀಟು. ಬದಲಿಗೆ ಒಂದೇ ಸಾಲು: ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ. ಅಂಕ ಎಷ್ಟು ಅಂತ ನಾನು ಕೇಳಲಿಲ್ಲ. ಸೂತ್ರಧಾರ ಈ ಸಾಲು ಓದಿದರೆ ಬಿಡುವುದಿಲ್ಲ ಅನ್ನುವುದು ಮಾತ್ರ ಖಾತ್ರಿ ಇತ್ತು.

ಭಾನುವಾರ ಬೆಳಿಗ್ಗೆ ವೈನಿ ಚಹಾದ ಕಪ್ಪು ಹಿಡಿದೇ ಗೋಡೆಗೆ ಬಂದರು.

“ಛಲೋ ಪಾಠ ಮಾಡೀರಿ ಮಾಸ್ತರ್. ರಾತ್ರಿ ಇವ ಕ್ವಾಟಿ ಬಾಗಿಲು ಕಾಯ್ಲತ್ತಿದ್ನಂತ. ಯಾರೋ ಮುದುಕಿ ಬಂದು ಅತ್ತಾಳ, ತೆಗದು ಬಿಟ್ಟಾನ. ಹಿಂದಿಂದ ವೈರಿ ಫೌಜು ಎಲ್ಲಾ ಒಳಗ! ಕ್ವಾಟಿ ಹೋತು, ಕುದುರಿ ಹೋದ್ವು, ಗೆಳ್ಯಾರು ಇವನ ಸಂಗಾಟ ಮಾತು ಬಿಟ್ಟಾರ.”

“ಅಯ್ಯೋ. ಆಟ ಮುಗೀತೇನು ಹಂಗಾದ್ರ?”

“ಎಲ್ಲಿ ಮುಗೀತದ್ರೀ! ಬೈದ್ಕೋತ ಬೈದ್ಕೋತ ಮುಂಜಾನಿ ಐದರ ತನಕ ಕುಂತಾರ. ಮುಂದಿನ ಶನಿವಾರ ಆ ಕ್ವಾಟಿ ಹೊಳ್ಳಿ ತಗೋಬೇಕಂತ, ನಡುವ ಪುಣೆಗೆ ಹೋದ್ರ ತಾಲೀಮು ತಪ್ಪತದಂತ, ಅದ್ಕ ರಜಾ ಒಂದು ವಾರ ಮುಂದ ಹಾಕ್ಯಾನ. ಆಫೀಸಿಗೆ ಏನು ಕಾರಣಾ ಬರೀಲಿ, ಕಾಕಾನ್ನ ಕೇಳ್ಕೊಂಡ್ ಬಾ ಅಂದಾನ.”